ಕೊಟ್ಟೂರಿನ ಮೆಹನಾಜ ಕಡೆಯುವ ಎರಡು ಥರದ ಗಾಲಿ

ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿದ ಮೆಹನಾಜ ಸೆರಗನ್ನು ಎರಡು ಸುತ್ತು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ತುದಿ ಎಲ್ಲೂ ಜೋತಿಲ್ಲವೆಂದು ಕೈಯಿಂದ ತಡವಿ ನೋಡಿಕೊಳ್ಳುತ್ತಾರೆ. ಬಳೆಗಳನ್ನು ತೆಗೆದು ಗೂಡಿನಲ್ಲಿಡುತ್ತಾರೆ. ಆಮೇಲೆಯೇ ಕಟ್ಟಿಗೆ ಕಡೆಯುವ ಲೇತಿನ ಗುಂಡಿ ಒತ್ತುವುದು. ಬೆಲ್ಟು ಒಮ್ಮೆ ಕೆಮ್ಮಿ ಓಟ ಹಿಡಿಯುತ್ತದೆ. ಯಂತ್ರದ ಹಲ್ಲುಗಳ ನಡುವೆ ಸಿಕ್ಕಿಸಿದ ಜಾಲಿ ಕಟ್ಟಿಗೆಯ ತುಂಡು ಗಿರ್ರೆಂದು ತಿರುಗಿ ಅಂಚು ಕಾಣದಂತಾಗುತ್ತದೆ. ಮೆಹನಾಜ ಉಳಿಯನ್ನು ಆನಿಕೆಯ ಮೇಲಿಟ್ಟು, ಮೊಣಕೈಯನ್ನು ಪಕ್ಕೆಗೆ ಒತ್ತಿ, ತುದಿಯನ್ನು ಕಟ್ಟಿಗೆಗೆ ಮುಟ್ಟಿಸುತ್ತಾರೆ. ಕೆಂಪು ಹೊಟ್ಟು ಅವರ ಮುಂಗೈ ಮೇಲೆ ಸುರಿಯತೊಡಗುತ್ತದೆ.

ಇವತ್ತು ಭಾನುವಾರ. ಹಗರಿಬೊಮ್ಮನಹಳ್ಳಿಯಲ್ಲಿ ಐದೂರ ಮಕ್ಕಳ ಕಾರಿನ ಓಟ. ಎಂಜಿನ್ನಿಲ್ಲದ, ಬ್ಯಾಟರಿಯಿಲ್ಲದ, ಅಂಗೈ ಉದ್ದದ ಮರದ ಕಾರುಗಳು. ಇಳಿಜಾರಿನ ತುದಿಯಲ್ಲಿಟ್ಟು ಕೈ ಬಿಟ್ಟರೆ ತಮ್ಮ ಭಾರಕ್ಕೆ ತಾವೇ ಓಡಬೇಕು. ಕೊಟ್ಟೂರಿನ ಮಕ್ಕಳ ಕಾರುಗಳಿಗೆ ಗಾಲಿ ಕಡೆದವರು ಮೆಹನಾಜ. ಹೋದ ವರ್ಷ ಆ ಗಾಲಿಗಳು ನಡುದಾರಿಯಲ್ಲೇ ನಿಂತುಹೋಗಿದ್ದವು. ಈ ವರ್ಷ ಓಟಕ್ಕೆ ತಿಂಗಳು ಬಾಕಿ ಇರುವಾಗ ಅವರು ಉಳಿ ಕೆಳಗಿಟ್ಟು, ಇನ್ನು ಕಾರಿನ ಗಾಲಿ ಮುಟ್ಟುವುದಿಲ್ಲ ಎಂದೂ ಹೇಳಿಬಿಟ್ಟಿದ್ದರು. ಎರಡೂ ಸಂಗತಿ ಓಣಿಗೆಲ್ಲ ಗೊತ್ತು. ಹಾಗಾಗಿ ಇವತ್ತಿನ ಓಟವನ್ನು ಬರೀ ಮಕ್ಕಳಾಟವೆಂದು ಈ ಮನೆಯಲ್ಲಿ ಯಾರೂ ಅಂದುಕೊಂಡಿಲ್ಲ.

ಆದರೂ ಈಗ ಲೇತಿನ ಮೇಲೆ ತಿರುಗುತ್ತಿರುವುದು ಕಾರಿನ ಗಾಲಿಯಲ್ಲ. "ಕಾರು ಆಮ್ಯಾಲರಿ. ಮೊದಲು ಕೂಸಿನ ಬಂಡಿ. ಅದು ನಮ್ಮ ಅನ್ನ," ಎನ್ನುತ್ತಾರೆ ಮೆಹನಾಜ, ಕಣ್ಣನ್ನು ಉಳಿಯ ತುದಿಯಿಂದ ಎತ್ತದೆ.

ಕೂಸಿನ ಬಂಡಿಯನ್ನು ಹಿಡಿದು ನಡೆ ಕಲಿತವರು ಈ ಸೀಮೆಯ ಮನೆಮನೆಯಲ್ಲೂ ಇದ್ದಾರೆ. ಮುಂದೊಂದು, ಹಿಂದೆರಡು ಗಾಲಿ, ಮೇಲೆ ಹಿಡಿದುಕೊಳ್ಳಲು ಒಂದು ಅಡ್ಡಗೋಲು. ಗೋಡೆ ಹಿಡಿದು ನಿಲ್ಲಲು ಕಲಿತ ಕೂಸು ಅದನ್ನು ದೂಡುತ್ತ ಅಂಗಳಕ್ಕೆ ಇಳಿಯುತ್ತದೆ. ಮೆಹನಾಜರ ತಂದೆ ಅಬ್ದುಲ್ ವಹಾಬ ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಈ ಓಣಿಯಲ್ಲೇ ಕೂತು ಇಂಥ ಬಂಡಿಗಳನ್ನು ಮಾಡಿದವರು. ಆಗ ಮೋಟಾರು ಇರಲಿಲ್ಲ. ತಾಯಿ ಅಜೀಜಬಿ ಹಗ್ಗ ಹಿಡಿದು ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ಎಳೆಯಬೇಕು, ಕಟ್ಟಿಗೆ ತಿರುಗಬೇಕು, ತಂದೆ ಕಡೆಯಬೇಕು. ಅಜೀಜಬಿಗೆ ಜ್ವರ ಬಂದ ದಿನ ಹಗ್ಗ ಮಗಳ ಕೈಗೆ ಬಂತು. ಕೆಲವು ವರ್ಷ ಕಳೆದ ಮೇಲೆ, ತಂದೆಯ ಕೈ ನಡುಗತೊಡಗಿದಾಗ, ಉಳಿಯೂ ಬಂತು.

"ಹೆಣ್ಣು ಮಗಳಿಗೆ ಯಾಕ ಇದನ್ನ ಕಲಿಸ್ತಿ ಅಂತ ಮಂದಿ ಕೇಳತಿದ್ರು. ಅದಕ್ಕ ನಮ್ಮಬ್ಬಾ, ನನಗ ಇರಾಕಿ ಇಕಿ ಒಬ್ಬಾಕಿನ, ನಿಮಗ ಗಂಡಸರ ಕಡಿದ ಗಾಲಿನ ಬೇಕಂದ್ರ ಹರಪನಹಳ್ಳಿಗೆ ಹೋಗ್ರಿ ಅಂತಿದ್ರು," ಎಂದು ಮೆಹನಾಜ ನಗುತ್ತಾರೆ. ಈಗಲೂ ಹೊಸ ಗಿರಾಕಿಗಳು ಅಂಗಡಿಯೊಳಗೆ ಇಣುಕಿ, "ಗಂಡಸರು ಯಾರೂ ಇಲ್ಲೇನವ್ವ?" ಎಂದು ಕೇಳುವುದುಂಟು. ಗಂಡ ನಯಾಜ ಸರಕಿನ ಆಟೋ ಓಡಿಸುತ್ತಾರೆ. ಕಟ್ಟಿಗೆ ತರುವುದು, ಮಾಡಿದ ಬಂಡಿಗಳನ್ನು ಕೂಡ್ಲಿಗಿ, ಹಡಗಲಿ ಸಂತೆಗಳಿಗೆ ಮುಟ್ಟಿಸುವುದು ಅವರ ಪಾಲು. "ಇದಾರಲ್ಲರಿ, ಆಟೋದಾಗ ಮಲಗ್ಯಾರ. ಎಬ್ಬಿಸ್ಲೇನು?" ಎಂದು ಮೆಹನಾಜ ಉತ್ತರ ಕೊಟ್ಟರೆ ಗಿರಾಕಿ ಬಂಡಿಯ ಬೆಲೆ ಕೇಳುತ್ತಾರೆ.

ದಿನಕ್ಕೆ ಎರಡು ಬಂಡಿ ಏಳುತ್ತವೆ, ಕರೆಂಟು ಕೈಕೊಟ್ಟರೆ ಒಂದು. ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಗಾಡಿಗಳು ಬಂದ ಮೇಲೆ ಬೇಡಿಕೆ ಇಳಿದಿದ್ದು ನಿಜ. ಉಳಿದ ಗಿರಾಕಿಗಳು ಮರದ ಬಂಡಿಯ ಒಂದು ಗುಣಕ್ಕಾಗಿ ಉಳಿದುಕೊಂಡಿದ್ದಾರೆ. ಅದು ಓಡುವುದಿಲ್ಲ.

ಗಾಲಿ ಸಲೀಸಾಗಿ ಉರುಳಿದರೆ ಬಂಡಿ ಮುಂದೆ, ಕೂಸಿನ ಮುಖ ನೆಲಕ್ಕೆ. ಅದಕ್ಕೇ ಅಬ್ದುಲ್ ವಹಾಬರ ಮನೆಯಲ್ಲಿ ಗಾಲಿಯ ಹೊರಮೈಯನ್ನು ಎಷ್ಟು ನುಣುಪು ಮಾಡಿದರೂ ಒಳಗಿನ ತೂತನ್ನು ಒರಟಾಗಿಯೇ ಬಿಡುತ್ತಾರೆ. ಮರದ ಅಚ್ಚು, ಮರದ ತೂತು, ನಡುವೆ ತಡೆಗೆಂದು ಒಂದು ತೊಗಲಿನ ಬಿಲ್ಲೆ. "ತೂತಿನ ಒಳಗ ನೈಸ್ ಮಾಡಬ್ಯಾಡ ಮಗಳ, ಉಳಿ ಗೆರಿ ಹಂಗ ಬಿಡು, ಆ ಗೆರಿನ ಕೂಸಿನ ಕೈ ಹಿಡಿಯೋದು ಅಂತ ಹೇಳತಿದ್ರು ನಮ್ಮಬ್ಬಾ." ಈ ಪಾಠ ಮೆಹನಾಜರ ತಲೆಗಿಂತ ಹೆಚ್ಚಾಗಿ ಕೈಯಲ್ಲಿದೆ. ಕೈಯಲ್ಲಿ ಕೂತ ಪಾಠವನ್ನು ಎಬ್ಬಿಸುವುದು ಸುಲಭವಲ್ಲ ಎಂಬುದು ಅವರಿಗೆ ತಿಳಿದದ್ದು ಮಕ್ಕಳ ಕಾರು ಮನೆಗೆ ಬಂದ ಮೇಲೆ.

ಕಾರು ತಂದವರು ಸರಕಾರಿ ಶಾಲೆಯ ವಿಜ್ಞಾನದ ಮೇಷ್ಟ್ರು ಕೊಟ್ರಬಸಪ್ಪ. ವರ್ಷವರ್ಷವೂ ವಿಜ್ಞಾನ ಪ್ರದರ್ಶನದಲ್ಲಿ ಅದೇ ಚಾರ್ಟು, ಅದೇ ಥರ್ಮಾಕೋಲಿನ ಜ್ವಾಲಾಮುಖಿ ನೋಡಿ ಬೇಸತ್ತು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ತಮ್ಮಂಥ ನಾಲ್ವರು ಮೇಷ್ಟ್ರುಗಳ ಜೊತೆ ಸೇರಿ ಅವರು ಹೋದ ವರ್ಷ ಈ ಓಟ ಹುಟ್ಟುಹಾಕಿದರು. ನಿಯಮ ಸರಳ. ಕಾರು ಕಾಲು ಕೇಜಿ ಮೀರಬಾರದು. ಕೊಯ್ಯುವುದು, ಉಜ್ಜುವುದು, ಜೋಡಿಸುವುದು ಮಕ್ಕಳೇ. ಲೇತು ಅಪಾಯದ ಯಂತ್ರವಾದ್ದರಿಂದ ಗಾಲಿಯನ್ನು ಮಾತ್ರ ಆಯಾ ಊರಿನ ಒಬ್ಬ ಕಸುಬುದಾರರು ಕಡೆದುಕೊಡಬೇಕು. ಮೇಷ್ಟ್ರು ನೇರ ಮೆಹನಾಜರ ಅಂಗಡಿಗೆ ಬಂದರು. ಮೆಹನಾಜರ ಮಗಳು ಮುಸ್ಕಾನ್ ಏಳನೇ ತರಗತಿಯಲ್ಲಿ ಅದೇ ಮೇಷ್ಟ್ರ ಶಿಷ್ಯೆ.

ಅಂದಿನಿಂದ ಶನಿವಾರ ಮಧ್ಯಾಹ್ನ ಅಂಗಡಿಯ ಮುಂದಿನ ಕಟ್ಟೆ ಮಕ್ಕಳದು. ಲೇತಿನ ಸುತ್ತ ಮೆಹನಾಜ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. ಯಂತ್ರ ತಿರುಗುವಾಗ ಗೆರೆ ದಾಟಿದವರಿಗೆ ಆ ವಾರ ಗಾಲಿ ಇಲ್ಲ. ಹಿಂದೊಮ್ಮೆ ಅವರ ಸೆರಗಿನ ತುದಿ ಬೆಲ್ಟಿಗೆ ಸಿಕ್ಕು, ಅಜೀಜಬಿ ಓಡಿಬಂದು ಗುಂಡಿ ಆರಿಸಿದ್ದರು. ಆ ಬಗ್ಗೆ ಮೆಹನಾಜ ಹೆಚ್ಚು ಮಾತಾಡುವುದಿಲ್ಲ. ಗೆರೆಯನ್ನು ಮಾತ್ರ ವಾರವಾರವೂ ಹೊಸದಾಗಿ ಎಳೆಯುತ್ತಾರೆ.

ಮಕ್ಕಳಿಗೆ ಸಿಗುವುದು ಪ್ಯಾಕಿಂಗ್ ಪೆಟ್ಟಿಗೆಯ ಹಗುರ ಹಲಗೆ, ಸಣ್ಣ ಗರಗಸ, ಸ್ಯಾಂಡ್ ಪೇಪರು. ಒಬ್ಬೊಬ್ಬರ ಕಾರು ಒಂದೊಂದು ರೂಪ. ಮುಸ್ಕಾನ್‌ಳದು ಮುಂದಕ್ಕೆ ಚೂಪಾಗಿ ಹಾಗಲಕಾಯಿಯಂತಿದೆ. ಪಕ್ಕದ ಓಣಿಯ ಹಮಾಲಿ ಹುಲುಗಣ್ಣನ ಮಗ ಹುಲುಗೇಶನದು ಹಿಂದೆ ಅಗಲ, ನಡುವೆ ಸಣ್ಣ.

"ಲೇ, ಇದು ಕಾರೇನು ಕೆರನೇನು? ಕಾಲಿಗೆ ಹಾಕ್ಕಂಡು ಹೋಗಲೇನು?" ಎಂದು ಮುಸ್ಕಾನ್ ಕೇಳಿದ್ದಳು.

"ಹಾಕ್ಕ. ನಿನಗಿಂತ ಮೊದಲ ಅದ ಊರು ಮುಟ್ಟತೈತಿ," ಎಂದು ಹುಲುಗೇಶ ಹೇಳಿದ್ದ.

ಆದರೆ ಹೋದ ವರ್ಷ ಅದು ಊರು ಮುಟ್ಟಲಿಲ್ಲ. ಇಳಿಜಾರು ಮುಗಿದು ಹಲಗೆ ಸಮತಟ್ಟಾಗುವ ಜಾಗಕ್ಕೆ ಬರುತ್ತಿದ್ದಂತೆ ಕೊಟ್ಟೂರಿನ ಕಾರುಗಳು ಒಂದರ ಹಿಂದೊಂದು ನಿಂತವು. ಉಳಿದ ನಾಲ್ಕೂರ ಕಾರುಗಳು ಪಕ್ಕದಲ್ಲೇ ಸರ್ರೆಂದು ಹೋದವು. ಹರಪನಹಳ್ಳಿಯ ಹುಡುಗನೊಬ್ಬ ಬಗ್ಗಿ ನೋಡಿ, "ನಿಮ್ ಕಾರಿಗೆ ಬ್ರೇಕ್ ಮಾತ್ರ ಸಕತ್ತಾಗೈತೆ ಬಿಡ್ರಲೆ," ಎಂದ. ಎಲ್ಲರೂ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮಲ್ಲೇ ಜಗಳಾಡಿದರು: ನಿನ್ನದು ದಪ್ಪ ಆಯಿತು, ನಿನ್ನದು ಸೊಟ್ಟ ಆಯಿತು. ಗಾಲಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಮೆಹನಾಜಕ್ಕನ ಗಾಲಿ ಎಂದರೆ ಅದರಲ್ಲಿ ತಪ್ಪಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಹುಲುಗೇಶನಿಗೆ, ಅದೂ ವಾರ ಕಳೆದ ಮೇಲೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗಾಲಿ ತಿರುಗಿಸುತ್ತ ಕೂತವನು, ಬಳಿಕ ತನ್ನ ಕಾರಿನ ಗಾಲಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿದ. ಎದ್ದು ಅಂಗಡಿಗೆ ಬಂದ.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ಒಂದ ಮಾತು."

"ಹೇಳಲೋ."

"ನಿಮ್ಮ ಗಾಲಿ ತಿರಗಂಗಿಲ್ರಿ."

ಮೆಹನಾಜ ಜೋರಾಗಿ ನಕ್ಕರು. "ತಿರಗಬಾರದು ಅಂತನ ಮಾಡೀನಲೋ, ಅದಕ್ಕ..." ಹುಲುಗೇಶನ ಕೈಯಿಂದ ಕಾರು ತೆಗೆದುಕೊಂಡು ಗಾಲಿ ಬಿಚ್ಚಿದರು. ತೂತಿನ ತುಂಬ ಒರಟು ಗೆರೆ. ಅಚ್ಚಿನ ಮೇಲೆ ತೊಗಲಿನ ಬಿಲ್ಲೆ, ಒಂದಲ್ಲ, ಎರಡು.

"ಸಣ್ಣ ಮಕ್ಕಳ ಕಾರು ಅಂತ ಇನ್ನಷ್ಟು ಜತನ ಮಾಡಿ ಎರಡೆರಡು ಬಿಲ್ಲಿ ಹಾಕಿದ್ದೆ ನೋಡ್ರಿ," ಎಂದು ಈಗ ಅವರೇ ಹಣೆ ಚಚ್ಚಿಕೊಂಡು ಹೇಳುತ್ತಾರೆ. "ಆ ಹುಡುಗರು ಮೂರು ತಿಂಗಳು ಉಜ್ಜಿದ್ದನ್ನ ನನ್ನ ಕೈ ನಿಲ್ಲಿಸಿಬಿಟ್ಟಿತ್ತು."

ಈ ವರ್ಷ ಕೆಲಸ ತಿರುಗುಮುರುಗಾಯಿತು. ಅಚ್ಚಿಗೆ ಮರದ ಬದಲು ಸೈಕಲ್ಲಿನ ಕಡ್ಡಿ ಬಂತು. ಅದನ್ನು ಮಕ್ಕಳು ಕನ್ನಡಿಯಂತಾಗುವ ತನಕ ತಿಕ್ಕಿದರು. ಸ್ಯಾಂಡ್ ಪೇಪರನ್ನು ಕಡ್ಡಿಗೆ ಸುತ್ತಿ ತೂತಿನ ಒಳಗೆ ಆಡಿಸಿ ಗೆರೆಗಳನ್ನೆಲ್ಲ ತೆಗೆದರು. ಎಣ್ಣೆ ಬಿಟ್ಟು ನೋಡಿದರೆ ಓಣಿಯ ಕೆಮ್ಮಣ್ಣಿನ ಧೂಳು ಹತ್ತಿ ಗಾಲಿ ಗಂಟಲು ಕಟ್ಟಿದಂತೆ ಆಡಿತು. ಎಣ್ಣೆಯ ಬದಲು ಪೆನ್ಸಿಲ್ಲಿನ ಕಡ್ಡಿ ಪುಡಿ ಮಾಡಿ ತಿಕ್ಕಿದರೆ ನುಣ್ಣಗೆ ಓಡಿತು. ಗಾಲಿಗೂ ಕಾರಿನ ಮೈಗೂ ನಡುವೆ ಒಂದು ಲಗ್ನಪತ್ರಿಕೆ ತೂರುವಷ್ಟು ಸಂದು ಬಿಡಬೇಕು. ಹೆಚ್ಚಾದರೆ ಕಾರು ಸೊಟ್ಟ ಹೋಗುತ್ತದೆ, ಕಡಿಮೆಯಾದರೆ ಉಜ್ಜುತ್ತದೆ.

ಭಾರದ ಲೆಕ್ಕ ಕೊಟ್ರಬಸಪ್ಪ ಮೇಷ್ಟ್ರದು. ಇಳಿಜಾರಿನ ಮೇಲೆ ಕಾರಿನ ಹಿಂಭಾಗ ಎತ್ತರದಲ್ಲಿರುತ್ತದೆ. ಭಾರ ಅಲ್ಲಿದ್ದರೆ ಅದು ಹೆಚ್ಚು ದೂರ ಇಳಿಯುತ್ತದೆ, ಕಾರನ್ನು ಅಷ್ಟೂ ಹೊತ್ತು ನೂಕುತ್ತದೆ ಎಂದು ಅವರು ನೆಲದ ಮೇಲೆ ಬರೆದು ತೋರಿಸಿದರು. ನಯಾಜ ಗ್ಯಾರೇಜಿನಿಂದ ಹಳೇ ನಟ್ಟುಗಳನ್ನು ತಂದುಕೊಟ್ಟರು. ಹುಲುಗೇಶ ಆಸೆಬುರುಕನಾಗಿ ಎಲ್ಲವನ್ನೂ ಬಾಲಕ್ಕೇ ತುಂಬಿದ. ಕೈ ಬಿಟ್ಟ ಕೂಡಲೇ ಕಾರು ಹೋರಿಯಂತೆ ಮುಂಗಾಲೆತ್ತಿ ಅಂಗಾತ ಬಿತ್ತು. ಒಂದೊಂದೇ ನಟ್ಟನ್ನು ಮುಂದಕ್ಕೆ ಸರಿಸುತ್ತ ಬಂದು, ಮೂಗು ಕೆಳಗಿಳಿದಲ್ಲಿ ನಿಲ್ಲಿಸಿದರು.

ಕಟ್ಟೆಯಿಂದ ಓಣಿಗೆ ಇಳಿಬಿಟ್ಟ ಉದ್ದ ಹಲಗೆಯೇ ಅಭ್ಯಾಸದ ದಾರಿ. ಒಂದು ಶನಿವಾರ ಮುಸ್ಕಾನ್‌ಳ ಹಾಗಲಕಾಯಿ ಹಲಗೆ ಇಳಿದು, ಓಣಿ ದಾಟಿ, ಎದುರು ಮನೆಯ ಹೊಸ್ತಿಲಿಗೆ ಬಡಿಯಿತು. ಮಕ್ಕಳು ಕುಣಿದರು. ಮೆಹನಾಜ ಕಾರನ್ನು ಎತ್ತಿಕೊಂಡು ಗಾಲಿಯನ್ನು ಉಗುರಿನಲ್ಲಿ ತಿರುಗಿಸಿ ಕಿವಿಯ ಹತ್ತಿರ ಹಿಡಿದರು. ಸದ್ದೇ ಇರಲಿಲ್ಲ. ತಮ್ಮ ಕೈಯಿಂದ ಇಂಥದ್ದೂ ಆಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅಂದು ಸಂಜೆ ಅವರು ಬೇಕಾದ್ದಕ್ಕಿಂತ ಹೆಚ್ಚು ಗಾಲಿಗಳನ್ನು ಕಡೆದು, ತೂತುಗಳನ್ನೂ ತಾವೇ ನುಣುಪು ಮಾಡಿದರು.

ಕೈ ಹೊಸದನ್ನು ಕಲಿತರೆ ಹಳೆಯದಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ತಿಂಗಳ ಹಿಂದೆ ಒಂದು ಮುಂಜಾನೆ ಕಾಯಿಪಲ್ಲೆ ಮಾರುವ ಭರಮಮ್ಮ ತಲೆಯ ಮೇಲೆ ಬುಟ್ಟಿಯ ಬದಲು ಕೂಸಿನ ಬಂಡಿ ಹೊತ್ತು ಬಂದರು. ಅಂಗಡಿಯ ಮುಂದೆ ಇಳಿಸಿ, ಒಂದು ಬೆರಳಿನಿಂದ ದೂಡಿದರು. ಬಂಡಿ ತಾನಾಗಿ ಉರುಳಿಕೊಂಡು ಹೋಗಿ ಗೋಡೆಗೆ ತಾಗಿತು.

"ಇದೇನು ಬಂಡಿ ಮಾಡೀಯೋ, ಕುದುರಿ ಮಾಡೀಯೋ ಬೇ? ನನ್ನ ಮೊಮ್ಮಗ ಗಾಳೆಪ್ಪನ ಹಣಿ ನೋಡ್ಹೋಗು. ನಿಂಬಿಕಾಯಿ ಗಾತ್ರ ಊದೇತಿ."

ಮೆಹನಾಜ ಗಾಲಿ ಬಿಚ್ಚಿ ನೋಡಿದರು. ತೂತಿನ ಒಳಗೆ ಒಂದು ಗೆರೆಯೂ ಇರಲಿಲ್ಲ. ಬಿಲ್ಲೆಯೂ ಇರಲಿಲ್ಲ. ಹಣೆ ಊದಿದ ಕೂಸನ್ನು ನೋಡಲು ಅವರು ಭರಮಮ್ಮನ ಹಿಂದೆಯೇ ಹೋದರು. ಗಾಳೆಪ್ಪ ಅರಿಶಿನ ಮೆತ್ತಿದ ಹಣೆ ಹೊತ್ತು, ಬಾಯಲ್ಲಿ ಸೌತೆಕಾಯಿ ಇಟ್ಟುಕೊಂಡು ಕೂತಿದ್ದ. ಪೆಟ್ಟು ದೊಡ್ಡದಲ್ಲ. ಆದರೆ ಸಂತೆಯಲ್ಲಿ ದಿನವಿಡೀ ನೂರು ಜನರ ಜೊತೆ ಮಾತಾಡುವ ಭರಮಮ್ಮನ ಬಾಯಿ ಸಣ್ಣದಲ್ಲ. ಆ ವಾರ ಬಂಡಿಗೆ ಹೇಳಿದ್ದ ಇಬ್ಬರು ತಾಯಂದಿರು ಬೇಡವೆಂದು ಹೇಳಿಕಳಿಸಿದರು.

ಶನಿವಾರ ಮಕ್ಕಳು ಬಂದಾಗ ಕಟ್ಟೆಯ ಮೇಲೆ ಹಲಗೆ ಇರಲಿಲ್ಲ. "ನನಗ ಇರಾದು ಒಂದ ಕೈ. ಅದು ಓಡೋ ಗಾಲಿ ಕಲ್ತು ನಿಲ್ಲೋ ಗಾಲಿ ಮರೀತು. ಇನ್ನ ಕಾರಿನ ಗಾಲಿ ನನ್ನಿಂದ ಆಗಂಗಿಲ್ಲ. ಮೇಷ್ಟ್ರಿಗೆ ಬ್ಯಾರೆ ಯಾರನ್ನರ ನೋಡಾಕ ಹೇಳ್ರಿ," ಎಂದರು ಮೆಹನಾಜ. ಅವರಿಗೆ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಭರಮಮ್ಮನ ಬಂಡಿ ತಿರುಗಿ ಬಂತು. ಅದೇ ವಾರ ಮಾಡಿ ಮಾರಿದ ಉಳಿದ ಬಂಡಿಗಳು? ಅವು ಯಾವ ಯಾವ ಅಂಗಳದಲ್ಲಿವೆಯೋ. ಎಲ್ಲವನ್ನೂ ತರಿಸಿ ನೋಡಬೇಕು. ಆದರೆ ನೋಡುವುದು ಹೇಗೆ? ಬೆರಳಲ್ಲಿ ತಿರುಗಿಸಿದರೆ ಒಮ್ಮೆ ಬಿಗಿ ಅನ್ನಿಸುತ್ತಿತ್ತು, ಒಮ್ಮೆ ಸಡಿಲ ಅನ್ನಿಸುತ್ತಿತ್ತು. "ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗಿತ್ರಿ," ಎನ್ನುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಉಪಾಯ ಹೇಳಿದವಳು ಮುಸ್ಕಾನ್. "ಅಮ್ಮೀ, ನಮ್ಮ ಹಲಗಿ ಐತಲ್ಲ. ಕಾರು ಓಡಿದ್ರ ಪಾಸು. ಬಂಡಿ ಓಡಿದ್ರ ಫೇಲು."

ಮೊದಲು ಮೆಹನಾಜರಿಗೆ ಇದು ಹುಡುಗಾಟ ಅನ್ನಿಸಿತು. ಮುಸ್ಕಾನ್ ಹಲಗೆಯನ್ನು ಕಟ್ಟೆಗೆ ಆನಿಸಿ, ಅಜ್ಜ ಅಬ್ದುಲ್ ವಹಾಬ ಮಾಡಿದ್ದ, ತಾನೇ ಹಿಡಿದು ನಡೆ ಕಲಿತಿದ್ದ ಹಳೇ ಬಂಡಿಯನ್ನು ಅಟ್ಟದಿಂದ ಇಳಿಸಿ ಅದರ ಮೇಲಿಟ್ಟಳು. ಬಂಡಿ ಕದಲಲಿಲ್ಲ. ಭರಮಮ್ಮ ತಿರುಗಿಸಿಕೊಟ್ಟ ಬಂಡಿಯನ್ನಿಟ್ಟಳು. ಅದು ಕಾರಿನ ಹಾಗೆ ಓಣಿಗೆ ಇಳಿಯಿತು. ಮೆಹನಾಜ ಎರಡನ್ನೂ ಮತ್ತೊಮ್ಮೆ ಇಡಿಸಿ ನೋಡಿದರು. ಕೈಗೆ ತಿಳಿಯದೆ ಹೋದದ್ದು ಹಲಗೆಗೆ ತಿಳಿಯುತ್ತಿತ್ತು.

ಮರುದಿನವೇ ನಯಾಜರ ಆಟೋದಲ್ಲಿ ಹಲಗೆ, ಹೊಸದಾಗಿ ಕಡೆದ ಒರಟು ಗಾಲಿಗಳ ಚೀಲ, ಮೆಹನಾಜ, ಮುಸ್ಕಾನ್ ಮತ್ತು ಹುಲುಗೇಶ ಹೊರಟರು. ಕೊಟ್ಟೂರಿನ ಓಣಿಗಳು ಮುಗಿದ ಮೇಲೆ ಕೂಡ್ಲಿಗಿ ರಸ್ತೆ, ಆಮೇಲೆ ಹಂಪಸಾಗರ. ಪ್ರತಿ ಮನೆಯ ಹೊಸ್ತಿಲಿಗೂ ಹಲಗೆ ಆನಿಸಿ, ಬಂಡಿ ಇಟ್ಟು, ಉರುಳಿದರೆ ಗಾಲಿ ಬದಲಿಸಿಕೊಡುವುದು. ಹಂಪಸಾಗರದ ಗೀತಮ್ಮ ಬಾಗಿಲಿಗೆ ಅಡ್ಡ ನಿಂತರು.

"ಚೊಲೋ ಬಂಡಿನ ಯಾಕ ಬಿಚ್ಚತೀರಿ? ನಮ್ಮ ಕೂಸು ಓಡಾಡಾಕ ಹತ್ತೇತಿ."

"ಅದಕ್ಕ ಬಂದೀವ್ರಿ," ಎಂದ ಹುಲುಗೇಶ. "ಕೂಸಿಗೆ ಇನ್ನ ನಡ್ಯಾದು ಕಲಿಸಬೇಕು. ಓಡಾದು ನಾವು ಆಮ್ಯಾಲ ಕಲಿಸ್ತೀವಿ."

ಗೀತಮ್ಮ ನಕ್ಕು ದಾರಿ ಬಿಟ್ಟರು. ಆ ಬಂಡಿ ಹಲಗೆಯ ಮೇಲೆ ಅಲುಗಾಡದೆ ನಿಂತಿತು. ಅದಕ್ಕೆ ಏನೂ ಮಾಡಬೇಕಾಗಿರಲಿಲ್ಲ. ಎಲ್ಲ ಸೇರಿ ಎಂಟು ಬಂಡಿ. ಉರುಳಿದವು ಮೂರು. ಆ ಮೂರಕ್ಕೂ ಅಲ್ಲೇ ಗಾಲಿ ಬದಲಾಯಿತು.

ಕೊನೆಗೆ ಉಳಿದದ್ದು ಭರಮಮ್ಮನ ಮನೆ. ಮೆಹನಾಜ ಅವರ ಬಂಡಿಗೆ ಹೊಸ ಗಾಲಿ ಹಾಕಿ ತಂದಿದ್ದರು. ಭರಮಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಇವರನ್ನು ನೋಡಿಯೂ ಕೆಲಸ ಬಿಟ್ಟು ಏಳಲಿಲ್ಲ. ಮಕ್ಕಳು ಹಲಗೆ ಆನಿಸಿ ಬಂಡಿ ಇಟ್ಟರು. ನಿಂತಿತು.

"ಹಲಗಿ ತಲಿ ಎತ್ರಿ," ಎಂದರು ಭರಮಮ್ಮ.

ಎತ್ತಿದರು. ನಿಂತಿತು.

"ಇನ್ನಷ್ಟು."

ಹುಲುಗೇಶ ಹಲಗೆಯ ತುದಿಯನ್ನು ತನ್ನ ಎದೆಯ ತನಕ ಎತ್ತಿದ. ಬಂಡಿ ಕಡೆಗೂ ಕೆಳಗೆ ಜಾರಿತು. ಆದರೆ ಜಾರುವಾಗಲೂ ಗಾಲಿ ತಿರುಗಲಿಲ್ಲ. ಭರಮಮ್ಮ ಮೆಣಸಿನಕಾಯಿ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದುಬಂದು ಬಂಡಿಯನ್ನು ಒಳಗೆ ಒಯ್ದರು. ಹೊರಗೆ ಬಂದವರು ಕೇಳಿದ್ದು, "ಹುಡುಗ್ರು ಯಾಕ ಮಾರಿ ಸಣ್ಣದು ಮಾಡ್ಯಾರ?" ಎಂದು.

"ಅಕ್ಕ ಕಾರಿನ ಗಾಲಿ ಮಾಡಂಗಿಲ್ಲ ಅಂದಾರ್ರಿ, ಅಜ್ಜಿ," ಎಂದ ಹುಲುಗೇಶ.

"ಯಾಕಂತ?"

ಮೆಹನಾಜ ಬಾಯಿ ತೆರೆಯುವ ಮೊದಲೇ ಭರಮಮ್ಮ ಅವರತ್ತ ತಿರುಗಿದರು. "ನಾ ಬೈದಿದ್ದು ಬಂಡಿಗೆ. ಕಾರು ಬಿಡು ಅಂತ ಯಾವಾಗ ಅಂದೆ? ಹಲಗಿ ಐತಿ, ನೋಡಿ ಕೊಡು, ಆತು."

ಭರಮಮ್ಮನ ಬಾಯಿ ಬೈಯಲು ಎಷ್ಟು ದೊಡ್ಡದೋ ಹೊಗಳಲೂ ಅಷ್ಟೇ ದೊಡ್ಡದು. ಮನೆಮನೆಗೆ ಹಲಗೆ ಹೊತ್ತು ಬಂದ ಕಥೆಯನ್ನು ಸಂತೆಯಲ್ಲಿ ಅವರೇ ಹೇಳಿದರು. ಬೇಡವೆಂದಿದ್ದ ಇಬ್ಬರಲ್ಲಿ ಒಬ್ಬರು ತಿರುಗಿ ಬಂದಿದ್ದಾರೆ. ಇನ್ನೊಬ್ಬರು ಇನ್ನೂ ಬಂದಿಲ್ಲ. ಮೆಹನಾಜ ಅದನ್ನು ಮುಚ್ಚಿಡುವುದಿಲ್ಲ.

ಈಗ ಕೆಲಸಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಬಂಡಿಯ ಗಾಲಿ, ಜಾಲಿ ಕಟ್ಟಿಗೆಯದು. ಶನಿವಾರ ಮಧ್ಯಾಹ್ನ ಕಾರಿನ ಗಾಲಿ, ಹಾಲೆಮರದ್ದು. ಕೆಂಪು ಕಟ್ಟಿಗೆ, ಬಿಳಿ ಕಟ್ಟಿಗೆ. ಕಣ್ಣಿಗೇ ಬೇರೆ ಕಾಣಬೇಕು. ಹಲಗೆಯ ಮೇಲೆ ನಿಲ್ಲದ ಬಂಡಿ ಅಂಗಡಿ ದಾಟುವುದಿಲ್ಲ. ಅದನ್ನು ನೋಡಿ ಒಪ್ಪುವ ಕೆಲಸ ಮಕ್ಕಳದು. "ಮುಸ್ಕಾನ್ ಸ್ವಲ್ಪ ಬಿಡತಾಳ್ರಿ. ಹುಲುಗೇಶ ಬಿಡಂಗಿಲ್ಲ. ಅಂವ ಉಗ್ರ ಇನ್ಸ್‌ಪೆಕ್ಟರ," ಎನ್ನುತ್ತಾರೆ ಮೆಹನಾಜ.

ಹೊತ್ತು ಏರಿದೆ. ಲೇತ್ ಆರಿಸಿ, ಹೊಟ್ಟು ಕೊಡವಿ, ಬಳೆ ಏರಿಸಿಕೊಂಡು ಅವರು ಮಕ್ಕಳ ಜೊತೆ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತುತ್ತಾರೆ. ಕಾರುಗಳು ಹಳೇ ಸೀರೆಯಲ್ಲಿ ಸುತ್ತಿಕೊಂಡು ಅವರ ಮಡಿಲಲ್ಲಿವೆ. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಎರಡೂ ಕೈ ಅವುಗಳ ಮೇಲೆ ಬರುತ್ತವೆ.

ಶಾಲೆಯ ಬಯಲಿನಲ್ಲಿ ವೇದಿಕೆಯಿಂದ ನೆಲಕ್ಕೆ ಐದು ಸಾಲಿನ ಹಲಗೆ ಇಳಿದಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕಾರುಗಳ ತೂಕ ನಡೆಯುತ್ತದೆ. ಮೊದಲ ಸುತ್ತಿಗೆ ಹುಲುಗೇಶ ತನ್ನ ಕೆರದಂಥ ಕಾರನ್ನು ಇಟ್ಟು ಹಿಂದೆ ಸರಿಯುತ್ತಾನೆ. ತಡೆಕೋಲು ಬೀಳುತ್ತದೆ. ಐದೂ ಕಾರು ಒಟ್ಟಿಗೆ ಇಳಿಯುತ್ತವೆ. ಹಲಗೆ ಸಮತಟ್ಟಾಗುವ ಜಾಗ ಬರುತ್ತಿದ್ದಂತೆ ಮೆಹನಾಜ ಮುಸ್ಕಾನ್‌ಳ ಭುಜ ಹಿಡಿದುಕೊಳ್ಳುತ್ತಾರೆ. ಕೊಟ್ಟೂರಿನ ಕಾರು ಆ ಜಾಗವನ್ನು ಅದಿತ್ತೆಂದೇ ಗೊತ್ತಿಲ್ಲದ ಹಾಗೆ ದಾಟಿ, ತುದಿಗಿಟ್ಟ ಹುಲ್ಲಿನ ಹೊರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಅದು ಮೊದಲು ಬಂತೋ ಎರಡನೆಯದೋ ಎಂದು ಅವರು ನೋಡಿಯೇ ಇಲ್ಲ. "ಮುಟ್ಟಿತಲ್ಲ?" ಎಂದು ಮಾತ್ರ ಕೇಳುತ್ತಾರೆ.

"ಮುಟ್ಟಾದೇನ ಅಮ್ಮೀ, ಫಸ್ಟ್ ಬಂತು. ಭುಜ ಬಿಡು, ನೋವಾಕೈತಿ."

ಅಂದು ಕೊಟ್ಟೂರಿನ ಒಂದು ಕಾರೂ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಕೊನೆಯ ಸುತ್ತಿನಲ್ಲಿ ಕೂಡ್ಲಿಗಿಯ ಹುಡುಗಿಯೊಬ್ಬಳ ಕಾರು ಹುಲುಗೇಶನ ಕಾರಿಗಿಂತ ಮೂಗಿನಷ್ಟು ಮುಂದೆ ಬರುತ್ತದೆ. ಹುಲುಗೇಶ ಹೋಗಿ ಅವಳ ಕಾರನ್ನು ತಿರುವಿ ನಟ್ಟುಗಳನ್ನು ಎಲ್ಲಿಟ್ಟಿದ್ದಾಳೆಂದು ನೋಡುತ್ತಾನೆ. ಹರಪನಹಳ್ಳಿಯ ಹುಡುಗರು ಕೊಟ್ಟೂರಿನ ಕಾರುಗಳ ಸುತ್ತ ಸೇರಿದ್ದಾರೆ. "ಯಾವ ಎಣ್ಣೆ ಬಿಟ್ಟೀರಲೆ?" ಎಂದು ಒಬ್ಬ ಕೇಳುತ್ತಿದ್ದಾನೆ. ಮುಸ್ಕಾನ್ ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ತೋರಿಸುತ್ತಾಳೆ. ಅವನು ನಂಬುವುದಿಲ್ಲ.

ಬಯಲಿನ ಅಂಚಿನಲ್ಲಿ ಓಟ ನೋಡುತ್ತ ನಿಂತಿದ್ದ ಒಬ್ಬ ತಾಯಿ ಕೂಸನ್ನೆತ್ತಿಕೊಂಡು ಮೆಹನಾಜರ ಹತ್ತಿರ ಬರುತ್ತಾರೆ. ಜಂಬಮ್ಮ, ಇದೇ ಊರಿನವರು. "ಈ ಗಾಲಿ ಮಾಡಿದವರು ನೀವ ಏನ್ರಿ? ಕೊಟ್ಟೂರಾಗ ಕೂಸಿನ ಬಂಡಿನೂ ಮಾಡ್ತಾರಂತ, ಹಲಗಿ ಮ್ಯಾಲಿಟ್ರೂ ಜಾರಂಗಿಲ್ಲಂತ ಸಂತ್ಯಾಗ ಅಂತಿದ್ರು. ಅದು ಯಾರಂತ ಗೊತ್ತೇನ್ರಿ?"

"ಅದೂ ನಾನ ರಿ," ಎನ್ನುತ್ತಾರೆ ಮೆಹನಾಜ.

ಜಂಬಮ್ಮ ಹಲಗೆಯ ಕಡೆಗೊಮ್ಮೆ, ಅವರ ಕಡೆಗೊಮ್ಮೆ ನೋಡಿ ಕೂಸನ್ನು ಕೆಳಗೆ ನಿಲ್ಲಿಸುತ್ತಾರೆ. ಬಂಡಿಯ ಅಡ್ಡಗೋಲು ಕೂಸಿನ ಎದೆಗೆ ಸರಿಯಾಗಿ ಬರಬೇಕು. ಮೇಲಾದರೆ ಕೂಸು ಜೋತುಬೀಳುತ್ತದೆ, ಕೆಳಗಾದರೆ ಬಾಗುತ್ತದೆ. ಮೆಹನಾಜ ಮಣ್ಣಿನಲ್ಲಿ ಮೊಣಕಾಲೂರಿ, ಕೂಸಿನ ಪಾದದ ಬಳಿ ಹೆಬ್ಬೆರಳಿಟ್ಟು ಗೇಣು ಹಾಕತೊಡಗುತ್ತಾರೆ.

ಅಷ್ಟರಲ್ಲಿ ಮೈಕಿನಲ್ಲಿ ಕೊಟ್ರಬಸಪ್ಪ ಮೇಷ್ಟ್ರ ದನಿ ಕೇಳುತ್ತದೆ. ಕೊಟ್ಟೂರಿನ ಮಕ್ಕಳಿಗೆ ಗಾಲಿ ಕಡೆದುಕೊಟ್ಟ ಮೆಹನಾಜ ಅವರು ವೇದಿಕೆಗೆ ಬರಬೇಕು. ಬಯಲಿನ ಮಕ್ಕಳೆಲ್ಲ ತಿರುಗಿ ನೋಡುತ್ತಾರೆ. ಹುಲುಗೇಶ ಓಡಿಬರುತ್ತಾನೆ.

"ಅಕ್ಕಾ, ನಿಮ್ಮ ಹೆಸರು ಕೂಗ್ಯಾರ. ಏಳ್ರಿ ಲಗೂನ."

"ತಡಿಯೋ, ಕೂಸು ಮಿಸುಕಾಡಾಕ ಹತ್ತೇತಿ," ಎನ್ನುತ್ತಾರೆ ಮೆಹನಾಜ, ಗೇಣು ಎತ್ತದೆ. "ಅಳತಿ ತಗಂಡು ಬರ್ತಾಳಂತ ಹೇಳು."